ನಂಬರ್ ಇಲ್ಲದ ಎಲೆಗೆ ನಾನು ನಂಬರ್ ಹಾಕಿದ್ದು

ಎಂಟು ತಿಂಗಳಾಯಿತು. ಆ ಪುಸ್ತಕದ ಪ್ಲೇಟ್ ಸೆಕ್ಷನ್, ಅಂದರೆ ಚಿತ್ರಗಳ ಪುಟಗಳನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಕಸಿವಿಸಿ ಆಗುತ್ತದೆ.

ನಾನು ಬೆಂಗಳೂರಿನಲ್ಲಿ ಹೊರದೇಶದ ಪ್ರಕಾಶಕರಿಗೆ ಪುಸ್ತಕ ಟೈಪ್‌ಸೆಟ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಆ ಸಲ ಬಂದಿದ್ದು ಟ್ಯಾರೋ ಎಲೆಗಳ, ಅಂದರೆ ಈಗ ಭವಿಷ್ಯ ಹೇಳಲು ಬಳಸುವ ಚಿತ್ರದ ಇಸ್ಪೀಟ್ ಎಲೆಗಳ ಹುಟ್ಟಿನ ಬಗ್ಗೆ ಒಂದು ಪುಸ್ತಕ. ಫಸ್ಟ್ ಪ್ರೂಫ್‌ಗೆ ನಾಲ್ಕು ದಿನದ ಗಡುವು. ಆರ್ಟ್ ಲಾಗ್, ಅಂದರೆ ಪ್ರತಿ ಚಿತ್ರದ ಸೀಕ್ವೆನ್ಸ್ ನಂಬರ್, ಕ್ಯಾಪ್ಷನ್ ಬರೆಯುವ ಪಟ್ಟಿ, ತುಂಬುವುದು ನನ್ನ ಪಾಲಿಗೆ ಬಂತು. ಜೊತೆಗೆ ಟೀಮಿಗೆ ಆಗಷ್ಟೇ ಸೇರಿದ್ದ ಒಬ್ಬ ಹುಡುಗಿ.

ಮೊದಲ ಪ್ಲೇಟ್‌ಗಳೆಲ್ಲ ವಿಸ್ಕೊಂಟಿ-ಸ್ಫೋರ್ಜಾ ಎಲೆಗಳು. 1450ರ ಸುಮಾರಿಗೆ ಮಿಲಾನಿನ ಡ್ಯೂಕ್ ಮನೆತನಕ್ಕಾಗಿ ಕೈಯಲ್ಲೇ ಚಿತ್ರ ಬರೆದವು. ಒಂದೊಂದು ಎಲೆಯೂ 17 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ‘ನ್ಯಾಯ’ದ ಎಲೆಯನ್ನು ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ಚಿನ್ನದ ಹಿನ್ನೆಲೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ತಕ್ಕಡಿ ಹಿಡಿದು ಕೂತ ಹೆಂಗಸು. ಅವಳ ತಲೆಯ ಮೇಲ್ಗಡೆ ಬಿಳಿ ಕುದುರೆ ಏರಿದ ಸವಾರ. ಎಲೆಯ ಮೇಲ್ತುದಿಯಲ್ಲಿ ಯಾವಾಗಲೋ ಮೊಳೆ ಹೊಡೆದ ಪುಟ್ಟ ತೂತು. ನಂಬರ್ ಮಾತ್ರ ಎಲ್ಲೂ ಇಲ್ಲ.

ಅದನ್ನು ಮೊದಲು ಹೇಳಿದ್ದು ಆ ಹುಡುಗಿ. “ಅಕ್ಕ, ಎಲೆ ಮೇಲೆ ನಂಬರೇ ಇಲ್ಲ. ಸೀಕ್ವೆನ್ಸ್ ಖಾಲಿ ಬಿಟ್ಟು ಎ-ಕ್ಯೂ ಹಾಕ್ಲಾ?” ಎ-ಕ್ಯೂ ಅಂದರೆ ಲೇಖಕರಿಗೆ ಕಳಿಸುವ ಪ್ರಶ್ನೆ.

“ಬೇಡಮ್ಮ. ಇದು ಎಲ್ಲರಿಗೂ ಗೊತ್ತಿರೋ ಆರ್ಡರ್. ಸುಮ್ನೆ ಒಂದು ದಿನ ಹೋಗುತ್ತೆ” ಅಂದೆ.

ಫೈಲ್ ಪರೀಕ್ಷಿಸುವ ನಮ್ಮ ಸಾಫ್ಟ್‌ವೇರ್, ವ್ಯಾಲಿಡೇಟರ್, ಖಾಲಿ ಫೀಲ್ಡ್ ಒಪ್ಪುವುದಿಲ್ಲ, ಕೆಂಪು ತೋರಿಸುತ್ತದೆ. ಕೆಂಪು ಇದ್ದರೆ ಫೈಲ್ ಮುಂದೆ ಹೋಗದು. ನನ್ನ ರೂಮ್‌ಮೇಟ್ ಹತ್ತಿರ ಒಂದು ಟ್ಯಾರೋ ಕಟ್ಟು ಇತ್ತು, 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ರೈಡರ್-ವೇಟ್ ನಮೂನೆಯದು. ಅದರಲ್ಲಿ ‘ಶಕ್ತಿ’ 8, ‘ನ್ಯಾಯ’ 11, ‘ಜಗತ್ತು’ 21. ಅದೇ ಸಾಲಿನಲ್ಲಿ ಎಲ್ಲವನ್ನೂ ಜೋಡಿಸಿಬಿಟ್ಟೆ. 15 ಮತ್ತು 16ಕ್ಕೆ ಎಲೆ ಸಿಗಲಿಲ್ಲ. ‘ದೆವ್ವ’, ‘ಗೋಪುರ’ ಎರಡೂ ಈ ಕಟ್ಟಿನಲ್ಲಿ ಇಲ್ಲ. ಆ ಜಾಗದಲ್ಲಿ ಎರಡು ಬಿಳಿ ಚೌಕ ಇಟ್ಟು, ಕೆಳಗೆ ‘ಕಳೆದುಹೋಗಿದೆ’ ಅಂತ ಕ್ಯಾಪ್ಷನ್ ಕೊಟ್ಟೆ. ವ್ಯಾಲಿಡೇಟರ್ ಹಸಿರಾಯಿತು. ಮನೆಗೆ ಹೋದೆ.

ಚಾಪ್ಟರ್ ಓದಿರಲಿಲ್ಲ. ಓದುವ ಗಂಟೆಗಳನ್ನು ಯಾರೂ ಬಿಲ್ ಮಾಡುವುದಿಲ್ಲವಲ್ಲ.

ಪ್ರೂಫ್ ಹೋದ ಮೂರನೇ ದಿನ ಲೇಖಕಿ ಕಾಲ್ ಬೇಕು ಅಂದರು. ಸ್ಕ್ರೀನ್ ಶೇರ್ ಮಾಡಿ ಪ್ಲೇಟ್‌ಗಳನ್ನು ಒಂದೊಂದಾಗಿ ಸರಿಸುತ್ತಾ ಬಂದರು. ಮಾತಿಲ್ಲ. ಬಿಳಿ ಚೌಕಗಳ ಹತ್ತಿರ ಬಂದಾಗ ನಿಂತರು. ಬಾಣದ ಗುರುತು ನನ್ನ ಕ್ಯಾಪ್ಷನ್ ಸುತ್ತ ಎರಡು ಸಲ ಸುತ್ತಿತು. “ಇದನ್ನು ಬರೆದವರು ಯಾರು?”

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮ್ಯೂಟ್‌ನಲ್ಲಿದ್ದರು. ಪಕ್ಕದಲ್ಲಿ ಆ ಹುಡುಗಿ ನೋಟ್‌ಬುಕ್ಕಿನಿಂದ ಕಣ್ಣೆತ್ತಲಿಲ್ಲ. “ಟೆಂಪ್ಲೇಟ್‌ನಿಂದ ಬಂದಿರಬೇಕು” ಅಂದುಬಿಟ್ಟೆ. ಹೇಳಿದ ಕೂಡಲೇ ಮುಖ ಬಿಸಿಯಾಯಿತು. ಯಾರೂ ಏನೂ ಹೇಳಲಿಲ್ಲ. ಪೆನ್ನಿನ ಕ್ಯಾಪ್ ತೆಗೆದೆ, ಹಾಕಿದೆ. ಕೊನೆಗೆ ತಡೆಯಲಾಗಲಿಲ್ಲ. “ಇಲ್ಲ, ನಾನೇ ಬರೆದಿದ್ದು. ನಂಬರ್‌ಗಳೂ ನನ್ನವೇ.”

ಅವರು ಬೈಯಲಿಲ್ಲ. “ಮೂರನೇ ಚಾಪ್ಟರ್ ಓದಿ, ನಾಳೆ ಮಾತಾಡೋಣ” ಅಂದರು. ಅವತ್ತು ರಾತ್ರಿ ಕೂತು ಓದಿದೆ.

ಈ ಎಲೆಗಳು ಮೊದಲು ಇದ್ದದ್ದು ಭವಿಷ್ಯ ಹೇಳುವುದಕ್ಕಲ್ಲ, ಆಟಕ್ಕೆ. ಈ ಎಲೆಗಳಿಗೆ ಆಗ ಇದ್ದ ಟ್ರಿಯೊನ್ಫಿ ಎಂಬ ಹೆಸರು ಫ್ಲಾರೆನ್ಸಿನ ಒಂದು ದಿನಚರಿಯಲ್ಲಿ 1440ರಲ್ಲೇ ಸಿಗುತ್ತದೆ. ಟ್ರಂಪ್ ಎನ್ನುವ ಮಾತು ಅಲ್ಲಿಂದಲೇ ಬಂದದ್ದು, ನಾವು ಇಸ್ಪೀಟಿನಲ್ಲಿ ಹೇಳುವ ತುರುಪು ಕೂಡ ಅದೇ ಕುಲದ್ದು. ಮೇಲಿನ ಎಲೆ ಕೆಳಗಿನದನ್ನು ಹೊಡೆಯುತ್ತದೆ. ಆಡುವವರಿಗೆ ಸಾಲು ಬಾಯಿಪಾಠ ಇತ್ತು, ಹಾಗಾಗಿ ನಂಬರ್ ಬೇಕಿರಲಿಲ್ಲ. ಇವು ಈಜಿಪ್ಟಿನ ಗುಪ್ತ ಜ್ಞಾನ ಅಂತ ಫ್ರಾನ್ಸಿನ ಬರಹಗಾರ ಕೂರ್ ದ ಝೆಬೆಲಾಂ ಬರೆದದ್ದು 1781ರಲ್ಲಿ, ಈಜಿಪ್ಟಿನ ಲಿಪಿಯನ್ನೇ ಯಾರೂ ಓದಲಾಗದ ಕಾಲದಲ್ಲಿ.

ಬಾಯಿಪಾಠ ಅಂದಮೇಲೆ ಊರಿಗೊಂದು ಸಾಲು ಇರುತ್ತದೆ ಅಲ್ವಾ? ಟ್ಯಾರೋ ಆಟದ ಇತಿಹಾಸ ಬರೆದ ಮೈಕೆಲ್ ಡಮ್ಮೆಟ್ 1980ರಲ್ಲಿ ಹಳೆಯ ಪಟ್ಟಿಗಳನ್ನು ಮೂರು ಗುಂಪು ಮಾಡಿದರು. ಬೊಲೊನ್ಯಾ-ಫ್ಲಾರೆನ್ಸ್ ಕಡೆ ‘ದೇವದೂತ’ ಎಲ್ಲಕ್ಕಿಂತ ಮೇಲೆ, ‘ಜಗತ್ತು’ ಅದರ ಕೆಳಗೆ. ಫೆರಾರಾದಲ್ಲಿ ‘ಜಗತ್ತು’ ಮೇಲೆ, ‘ನ್ಯಾಯ’ ಅದಕ್ಕೆ ಒಂದೇ ಮೆಟ್ಟಿಲು ಕೆಳಗೆ. ಮಿಲಾನಿನಲ್ಲೂ ‘ಜಗತ್ತು’ ಮೇಲೆಯೇ, ಆದರೆ ‘ನ್ಯಾಯ’ ಎಷ್ಟೋ ಕೆಳಗೆ. ಈಗ ನ್ಯಾಯ, ಶಕ್ತಿ, ಸಂಯಮ ಈ ಮೂರು ಎಲೆ ತೆಗೆದಿಡಿ. ಉಳಿದ ಸಾಲು ಮೂರೂ ಕಡೆ ಹೆಚ್ಚೂಕಡಿಮೆ ಒಂದೇ. ಊರಿಂದ ಊರಿಗೆ ಜಾಗ ಬದಲಿಸಿದ್ದು ಮುಖ್ಯವಾಗಿ ಈ ಮೂರು. ಅವನ್ನೇ ನಾನು ಒಂದು ಲಂಡನ್ ಕಟ್ಟು ನೋಡಿ ಮೊಳೆ ಹೊಡೆದ ಹಾಗೆ ಕೂರಿಸಿದ್ದೆ.

ಬಿಳಿ ಚೌಕಗಳದ್ದು ಇನ್ನೂ ದೊಡ್ಡ ತಪ್ಪು. ವಿಸ್ಕೊಂಟಿ-ಸ್ಫೋರ್ಜಾದಲ್ಲಿ ‘ಹುಚ್ಚ’ನೂ ಸೇರಿ ಇಂಥ ತುರುಪಿನ ಎಲೆ 20 ಉಳಿದಿವೆ. 14 ಒಬ್ಬ ಚಿತ್ರಗಾರನ ಕೈ, 6 ಬೇರೆಯವರದು. ಮೊದಲು ಇದ್ದದ್ದೇ 14, ಉಳಿದವು ಆಮೇಲೆ ಸೇರಿದವು ಅಂತ ಕೆಲವರ ವಾದ. ಫೆರಾರಾದ 1457ರ ಲೆಕ್ಕದ ಪುಸ್ತಕದಲ್ಲಿ 70 ಎಲೆಯ ಕಟ್ಟುಗಳಿವೆ, ಅಂದರೆ ಐದು ಸಲ 14: ನಾಲ್ಕು ಜಾತಿಯ ಎಲೆ ತಲಾ 14, ತುರುಪು 14. ಇಲ್ಲ, ಹರಿದುಹೋದ ಆರು ಎಲೆಗೆ ಬದಲಾಗಿ ಹೊಸದು ಬರೆಸಿದರು, ಅಷ್ಟೇ ಅಂತ ಇನ್ನು ಕೆಲವರು. ನನಗೆ 70ರ ಲೆಕ್ಕ ಗಟ್ಟಿಯಾಗಿ ಕಾಣುತ್ತದೆ. ಅದು ಇರಲಿ, ಈ ಕಟ್ಟಿಗೆ ‘ದೆವ್ವ’ದ ಎಲೆಯನ್ನು ಬರೆದಿದ್ದರೋ ಇಲ್ಲವೋ ಎಂಬುದೇ ಚಾಪ್ಟರಿನ ಪ್ರಶ್ನೆ. ಲೇಖಕಿ ನಲವತ್ತು ಪುಟ ತೂಗಿ ನೋಡಿ ಬಿಟ್ಟದ್ದನ್ನು ನಾನು ಒಂದೇ ಪದದಲ್ಲಿ ತೀರ್ಮಾನ ಮಾಡಿದ್ದೆ.

ಶನಿವಾರ, ಭಾನುವಾರ ಕೂತು ಎಲ್ಲ ಪ್ಲೇಟ್ ಮತ್ತೆ ಮಾಡಿದೆವು. ಚೌಕಗಳು ಹೋದವು, ನಂಬರ್‌ಗಳೂ ಹೋದವು. ಆ ಹುಡುಗಿಯ ಪ್ರಶ್ನೆಯನ್ನು ಅವಳ ಹೆಸರಲ್ಲೇ ಎ-ಕ್ಯೂ 1 ಮಾಡಿ ಕಳಿಸಿದೆ. “ಖಾಲಿಯೇ ಇರಲಿ, ಕೇಳಿದ್ದಕ್ಕೆ ಥ್ಯಾಂಕ್ಸ್” ಅಂತ ಲೇಖಕಿ ಉತ್ತರ ಬರೆದರು. ಅದನ್ನು ಅವಳಿಗೆ ತೋರಿಸಿ ಸಾರಿ ಕೇಳಿದೆ. ಈಗ ಚಿತ್ರ ಇರುವ ಚಾಪ್ಟರ್ ಓದದೆ ಆರ್ಟ್ ಲಾಗ್ ತೆರೆಯುವುದಿಲ್ಲ, ಗಂಟೆ ಬಿಲ್ ಆಗಲಿ ಬಿಡಲಿ.

ಸೀಕ್ವೆನ್ಸ್ ಫೀಲ್ಡ್ ಖಾಲಿ ಬಿಡಲು ಅವಕಾಶ ಕೊಡಿ ಅಂತ ಟೂಲ್ ಟೀಮಿಗೆ ಟಿಕೆಟ್ ಹಾಕಿದ್ದೇನೆ. ಮೂರು ಸಲ ನೆನಪಿಸಿದ್ದೂ ಆಯಿತು. ಸೋಮವಾರ ಮತ್ತೆ ಕೇಳುತ್ತೇನೆ.