ಅಪ್ಪನ ಗಂಜು, ನನ್ನ ಬಿಸಿನೆಸ್ ಲಾ ಕ್ಲಾಸು

ರಾಯಚೂರಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಹುಡುಗರಿಗೆ ಬಿಸಿನೆಸ್ ಲಾ ಹೇಳಿಕೊಡುತ್ತೇನೆ. ಅತಿಥಿ ಉಪನ್ಯಾಸಕಿ. ಸೆಮಿಸ್ಟರ್ ಮುಗಿದರೆ ಅತಿಥಿ ಮನೆಗೆ. ನೌಕರಿ ಕಾನೂನು ಪಾಠ ಮಾಡುವವಳ ನೌಕರಿಯೇ ಹೀಗೆ. ಇರಲಿ.

ಹೋದ ವಾರ ಏಜೆನ್ಸಿ ಪಾಠ ಶುರುವಾಯಿತು. 1872ರ ಕರಾರು ಕಾಯಿದೆ, ಸೆಕ್ಷನ್ 182ರಿಂದ 238. ಇನ್ನೊಬ್ಬರ ಪರವಾಗಿ ಮೂರನೆಯವರ ಹತ್ತಿರ ವ್ಯವಹಾರ ಮಾಡುವವನು ಏಜೆಂಟ್. ಯಾರ ಪರವಾಗಿ ಮಾಡುತ್ತಾನೋ ಅವರು ಪ್ರಿನ್ಸಿಪಾಲ್. ಪ್ರಿನ್ಸಿಪಾಲ್ ಅಂದ ಕೂಡಲೇ ಹಿಂದಿನ ಬೆಂಚು ಬಾಗಿಲ ಕಡೆ ನೋಡುತ್ತದೆ, ಪ್ರತಿ ವರ್ಷ. ಅದಕ್ಕೇ ನಾನು ಯಜಮಾನ ಅಂತಲೇ ಹೇಳುತ್ತೇನೆ.

ಸೆಕ್ಷನ್ 187ರಲ್ಲಿ ಒಂದು ಉದಾಹರಣೆ ಇದೆ. ಒಬ್ಬನ ಅಂಗಡಿ ಸೆರಾಂಪುರದಲ್ಲಿ, ಅವನ ವಾಸ ಕಲ್ಕತ್ತದಲ್ಲಿ. ಆಗಾಗ ಬಂದು ಹೋಗುತ್ತಾನೆ. ಅಂಗಡಿ ನೋಡಿಕೊಳ್ಳುವವನು ಯಜಮಾನನ ಹೆಸರಲ್ಲಿ ಮಾಲು ತರಿಸುತ್ತಾನೆ, ಯಜಮಾನನದೇ ದುಡ್ಡಿನಿಂದ ಕೊಡುತ್ತಾನೆ, ಇದೆಲ್ಲ ಯಜಮಾನನಿಗೆ ಗೊತ್ತು. ಹಾಗಿದ್ದರೆ ಕಾಗದ ಪತ್ರ ಏನೂ ಇಲ್ಲದಿದ್ದರೂ ಅವನಿಗೆ ಅಧಿಕಾರ ಇದೆ. ಸೆರಾಂಪುರ ಅಂದರೆ ನಮ್ಮ ಹುಡುಗರಿಗೆ ನಿದ್ದೆ. ನಾನು ಅಪ್ಪನ ಕಥೆ ಹೇಳಿದೆ.

ಅಪ್ಪ ರಾಜೇಂದ್ರ ಗಂಜಿನ, ಅಂದರೆ ನಮ್ಮೂರ ಕೃಷಿ ಮಾರುಕಟ್ಟೆಯ, ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಸಾವ್ಕಾರರು ಇದ್ದದ್ದು ಆದೋನಿಯಲ್ಲಿ. ವಾರಕ್ಕೊಮ್ಮೆ ರೈಲಿಗೆ ಬರುತ್ತಿದ್ದರು, ಗಾದಿ ಮೇಲೆ ಕೂತು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ನೋಡಿ ಸಂಜೆಗೆ ವಾಪಸ್ಸು. ಕಾಟಾ, ಪಟ್ಟಿ, ಹಮಾಲರ ಲೆಕ್ಕ, ಚಹಾ ಖರ್ಚು ಎಲ್ಲ ಅಪ್ಪನದೇ. ಅಪ್ಪನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಆದರೂ ಗಂಜಿನಲ್ಲಿ ಅಪ್ಪ ಹೇಳಿದರೆ ಸಾವ್ಕಾರರು ಹೇಳಿದಂತೆ.

ಅದೇ ಅಂಗಡಿಯಲ್ಲಿ ಇನ್ನೊಬ್ಬ ಹುಡುಗ ಇದ್ದ. ಗೋಣಿಚೀಲ, ಸುತಳಿ ಬೇಕಾದಾಗ ಉದ್ರಿ ತರುವುದು ಅವನ ಕೆಲಸ. ಒಂದು ದಿನ ಏನೋ ಜಗಳವಾಗಿ ಸಾವ್ಕಾರರು ಅವನನ್ನು ಬಿಡಿಸಿದರು. ಮೂರು ದಿನ ಬಿಟ್ಟು ಹುಡುಗ ಎಂದಿನ ಹಾಗೇ ಚೀಲದ ಅಂಗಡಿಗೆ ಹೋಗಿ ನಾನೂರು ಚೀಲ ಬರೆಸಿ ಒಯ್ದ. ಎಲ್ಲಿಗೆ ಒಯ್ದನೋ ದೇವರಿಗೇ ಗೊತ್ತು.

ತಿಂಗಳ ಕೊನೆಗೆ ಚೀಲದವರು ಚೀಟಿ ಹಿಡಿದು ಬಂದರು. ನಾನು ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದೆ, ಒಂಬತ್ತನೇ ಕ್ಲಾಸಿನ ಯೂನಿಫಾರ್ಮಿನಲ್ಲೇ. ಸಾವ್ಕಾರರು ಸಿಟ್ಟಿಗೆದ್ದಿದ್ದರು. "ಅವನನ್ನ ಬಿಡಿಸಿ ತಿಂಗಳಾತು. ನಾ ಯಾಕ ಕೊಡ್ಲಿ?" ಚೀಲದವರದು ಮೆತ್ತನೆಯ ದನಿ. "ನೀವು ಬಿಡಿಸಿದ್ದು ನನಗೇನ್ ಗೊತ್ರಿ ಸಾವ್ಕಾರ್ರ? ನಾಲ್ಕ್ ವರ್ಷದಿಂದ ಅವನೇ ಬಂದು ಒಯ್ತಿದ್ದ. ನೀವೂ ರೊಕ್ಕ ಕೊಡ್ತಿದ್ರಿ."

ನನಗೆ ಆಗ ಸಾವ್ಕಾರರದೇ ಸರಿ ಅನಿಸಿತ್ತು. ಬಿಡಿಸಿದ ಮೇಲೆ ಬಿಡಿಸಿದಂತೆ, ಅಲ್ವಾ? ಸೆಕ್ಷನ್ 208 ಓದಿದ್ದು ಎಂ.ಕಾಂ. ಸೇರಿದ ಮೇಲೆ. ಏಜೆಂಟನ ಅಧಿಕಾರ ಕಿತ್ತುಕೊಂಡದ್ದು ಅವನಿಗೆ ಗೊತ್ತಾದಾಗ ಅವನ ಮಟ್ಟಿಗೆ ಮುಗಿಯಿತು. ಹೊರಗಿನವರ ಮಟ್ಟಿಗೆ ಮುಗಿಯುವುದು ಅವರಿಗೆ ಗೊತ್ತಾದಾಗ. ಸೆಕ್ಷನ್ 237 ಇನ್ನೂ ಒಂದು ಹೆಜ್ಜೆ ಮುಂದೆ. ನಿನ್ನ ಮಾತಿನಿಂದಲೋ ನಡತೆಯಿಂದಲೋ 'ಇವನು ನಮ್ಮವನು' ಅಂತ ಹೊರಗಿನವರನ್ನು ನಂಬಿಸಿದ್ದರೆ, ಅಧಿಕಾರ ಇಲ್ಲದೆ ಅವನು ಮಾಡಿದ್ದಕ್ಕೂ ನೀನೇ ಹೊಣೆ. ಒಳಗೆ ನೀನು ಅವನಿಗೆ ಏನು ಹೇಳಿದ್ದೆ ಅನ್ನುವುದು ಚೀಲದವರಿಗೆ ಬೇಕಾಗಿಲ್ಲ. ಅವರು ಹೇಳಿದ ಎರಡು ಮಾತಲ್ಲಿ ಎರಡೂ ಸೆಕ್ಷನ್ ಇದ್ದವು. ಸಾವ್ಕಾರರು ಗೊಣಗುತ್ತಾ ಕೊಟ್ಟರು. ಮರುದಿನ ಅಪ್ಪ ಗಂಜಿನ ಅಂಗಡಿ ಅಂಗಡಿಗೂ ಹೋಗಿ "ಆ ಹುಡುಗ ಈಗ ನಮ್ಮಲ್ಲಿಲ್ಲ" ಅಂತ ಹೇಳಿ ಬಂದರು. ಮೊದಲ ದಿನವೇ ಮಾಡಬೇಕಿದ್ದ ಕೆಲಸ.

ಇದರ ಇನ್ನೊಂದು ಮಗ್ಗುಲು 1978ರ ಸ್ಟೇಟ್ ಬ್ಯಾಂಕ್ ವಿರುದ್ಧ ಶ್ಯಾಮಾದೇವಿ ಕೇಸು. ಪರಿಚಯದ ಬ್ಯಾಂಕ್ ನೌಕರನ ಕೈಗೆ, ಖಾತೆಗೆ ಹಾಕು ಅಂತ ದುಡ್ಡು ಕೊಟ್ಟರು. ಅವನು ನುಂಗಿದ. ಅವನ ಕೈಗೆ ಕೊಟ್ಟದ್ದು ಪರಿಚಯದವನು ಅಂತ, ಬ್ಯಾಂಕಿನ ಕೆಲಸದ ಭಾಗವಾಗಿ ಅವನು ತೆಗೆದುಕೊಂಡಿದ್ದಲ್ಲ, ಹಾಗಾಗಿ ಬ್ಯಾಂಕ್ ಹೊಣೆ ಅಲ್ಲ ಅಂದಿತು ಸುಪ್ರೀಂ ಕೋರ್ಟ್. ಕೌಂಟರಿನಲ್ಲಿ ಕೊಟ್ಟು ರಸೀದಿ ತಗೊಳ್ಳಿ ಅಂತ ಹುಡುಗರಿಗೆ ಮೂರು ಸಲ ಹೇಳಿದೆ.

ಕ್ಲಾಸು ನಿಜವಾಗಿ ಎಚ್ಚರವಾಗಿದ್ದು ಸೆಕ್ಷನ್ 202ಕ್ಕೆ ಬಂದಾಗ. ಅಲ್ಲಿನ ಉದಾಹರಣೆ ನಮ್ಮೂರಿಗೇ ಬರೆದ ಹಾಗಿದೆ. ಒಬ್ಬ ಸಾವಿರ ಬೇಲ್ ಹತ್ತಿಯನ್ನು ದಲಾಲನಿಗೆ ಕಳಿಸುತ್ತಾನೆ. ಆ ಹತ್ತಿಯ ಮೇಲೆ ದಲಾಲ ಮೊದಲೇ ಮುಂಗಡ ಕೊಟ್ಟಿದ್ದಾನೆ. ಮಾರಿ ನಿನ್ನ ದುಡ್ಡು ಮುರಿದುಕೋ ಅಂತ ಹೇಳಿದ ಮೇಲೆ ಆ ಅಧಿಕಾರ ವಾಪಸ್ ಪಡೆಯುವ ಹಾಗಿಲ್ಲ. ಹತ್ತಿಯವನು ಸತ್ತರೂ ಅದು ಹೋಗುವುದಿಲ್ಲ.

ಮಾನ್ವಿ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ನಮ್ಮಪ್ಪ ಬೀಜ ಗೊಬ್ಬರಕ್ಕ ಅಂಗಡಿಯವರ ಹತ್ರ ಸಾಲ ತಗೊಂಡಾನ. ಹಂಗಾದ್ರ ಬೇರೆ ಅಂಗಡಿಗೆ ಹತ್ತಿ ಒಯ್ಯಂಗಿಲ್ಲೇನ್ರಿ?" ಒಳ್ಳೆ ಪ್ರಶ್ನೆ. ಈ ಸೆಕ್ಷನ್ ಮಾತಾಡುವುದು ದಲಾಲನ ವಶಕ್ಕೆ ಕೊಟ್ಟ ಮಾಲು, ಆ ಮಾಲಿನಲ್ಲೇ ಅವನಿಗಿರುವ ಹಕ್ಕು, ಇದರ ಬಗ್ಗೆ. ಸುಮ್ನೆ ಕೈಸಾಲ ಕೊಟ್ಟರೆ ಹೊಲದಲ್ಲಿರುವ ಹತ್ತಿಯಲ್ಲಿ ಅವನಿಗೆ ಅಂಥ ಹಕ್ಕು ಹುಟ್ಟುವುದಿಲ್ಲ. ಸಾಲ ಸಾಲವೇ, ತೀರಿಸಬೇಕು. ಆದರೆ 202 ತೋರಿಸಿ ಹೆದರಿಸುವ ಹಾಗಿಲ್ಲ. ಹುಡುಗ ಕೂತ. ಅವರಪ್ಪ ಮುಂದಿನ ವರ್ಷವೂ ಅದೇ ಅಂಗಡಿಗೆ ಸಾಲಕ್ಕೆ ಹೋಗಬೇಕು, ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಇನ್ನೊಂದು ಮಾತು ಹೇಳಿದಾಗ ಯಾರೂ ನಂಬಲಿಲ್ಲ. ಮಾಲು ಮಾರಲು ಕೊಟ್ಟಾಗ ಕಾನೂನಿನ ಲೆಕ್ಕದಲ್ಲಿ ರೈತನೇ ಯಜಮಾನ, ದಲಾಲ ಅವನ ಏಜೆಂಟ್. ಕೇಳಿದಾಗ ಲೆಕ್ಕ ಒಪ್ಪಿಸಬೇಕು, ಅದು ಸೆಕ್ಷನ್ 213. ರೈತನಿಗೆ ತಿಳಿಸದೆ ಆ ಮಾಲನ್ನು ತಾನೇ ಕೊಂಡರೆ, ಅದರಲ್ಲಿ ಬಂದ ಲಾಭವನ್ನು ರೈತ ಕೇಳಬಹುದು, ಅದು 216. ಮಗನ ಹೆಸರಲ್ಲಿ ಕೊಂಡರೆ ಅಂತ ಯಾರೋ ಕೇಳಿದರು. ಎಲ್ಲರೂ ನಕ್ಕರು. ಮನೆಯಲ್ಲಿ ಎಲ್ಲ ನೋಡಿದ್ದಾರೆ.

ಉಳಿದ ಹದಿನೈದು ನಿಮಿಷ ನೌಕರಿ ಕಾನೂನು. ಏನು ಮಾಡಬೇಕು ಅನ್ನುವುದರ ಜೊತೆಗೆ ಹೇಗೆ ಮಾಡಬೇಕು ಅಂತಲೂ ಹೇಳುವ ಹಕ್ಕು ಯಜಮಾನನಿಗಿದ್ದರೆ ಅವನು ನೌಕರ. ಇದು ಹಳೆಯ ಅಳತೆ. ಬರಬರುತ್ತಾ ಕೋರ್ಟುಗಳು ಇದೊಂದನ್ನೇ ನೆಚ್ಚಿಕೊಳ್ಳುವುದನ್ನು ಬಿಟ್ಟವು. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಕೇಸಿನಲ್ಲಿ ದರ್ಜಿಗಳಿಗೆ ಕೂಲಿ ಅಂಗಿಗೆ ಇಷ್ಟು ಅಂತ. ಆದರೆ ಹೊಲಿಗೆ ಮಿಷನ್ ಅಂಗಡಿಯದು, ಹೊಲಿದದ್ದು ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು. ಅವರು ನೌಕರರೇ ಅಂದಿತು ಕೋರ್ಟ್. ಅಪ್ಪನ ಥರದವರು ಎರಡೂ ಹೌದು: ಸಾವ್ಕಾರರಿಗೆ ನೌಕರ, ಗಂಜಿಗೆ ಏಜೆಂಟ್.

ಆ ಸಂಜೆ ಮನೆಯಲ್ಲಿ ಹಳೇ ಪ್ರಶ್ನೆಪತ್ರಿಕೆಯ ಹಿಂದೆ ಅಪ್ಪನ ಗ್ರ್ಯಾಚುಯಿಟಿ, ಅಂದರೆ ನೌಕರಿ ಬಿಡುವಾಗ ಸಿಗುವ ಇಡಿಗಂಟಿನ, ಲೆಕ್ಕ ಹಾಕಿದೆ. ಅಪ್ಪ ಬಿಡುವಾಗ ಪಗಾರ ಒಂಬತ್ತು ಸಾವಿರ. ತಿಂಗಳಿಗೆ 26 ದಿನ ಅಂತ ಹಿಡಿದು ವರ್ಷಕ್ಕೆ 15 ದಿನದ ಪಗಾರ. 22 ವರ್ಷಕ್ಕೆ 1,14,231 ರೂಪಾಯಿ. ಆದರೆ 1972ರ ಗ್ರ್ಯಾಚುಯಿಟಿ ಕಾಯಿದೆ ಇದ್ದದ್ದು ಹತ್ತು ಅಥವಾ ಹೆಚ್ಚು ಜನರಿದ್ದ ಅಂಗಡಿಗೆ. ಅಪ್ಪನ ಅಂಗಡಿಯಲ್ಲಿ ಇದ್ದದ್ದು ನಾಲ್ಕೇ ಜನ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದವು, ಆ ಹತ್ತರ ಗೆರೆ ಮಾತ್ರ ಹಾಗೇ ಇದೆ. ಅಪ್ಪನಿಗೆ ಸಿಕ್ಕಿದ್ದು ಒಂದು ಜೊತೆ ಧೋತರ, ಹನ್ನೊಂದು ಸಾವಿರ ರೂಪಾಯಿ.

ಅಪ್ಪ ಕನ್ನಡಕ ಹಾಕಿಕೊಂಡು ಹಾಳೆ ತಗೊಂಡರು. ಕೆಳಗಿನಿಂದ ಮೇಲೆ ನೋಡಿದರು, ಕಿರ್ದಿ ನೋಡುವ ಹಾಗೆ.

"ಆರು ತಿಂಗಳ ಮ್ಯಾಲಾದ್ರ ಪೂರಾ ವರ್ಷ ಹಿಡೀತಾರಂತ ನೀನೇ ಓದ್ತಿದ್ದೆಲ್ಲ?"

"ಹೌದಪ್ಪ."

"ನಾ ಸೇರಿದ್ದು ದೀಪಾವಳಿ ಲಕ್ಷ್ಮಿಪೂಜಿ ದಿನ. ಬಿಟ್ಟಿದ್ದು ಕಾರಹುಣ್ಣಿವಿ ಆದಮ್ಯಾಲ. ಇಪ್ಪತ್ಮೂರು ಹಿಡಿ."

ಹೊಡೆದು ಹಾಕಿ ಮತ್ತೆ ಬರೆದೆ. 1,19,423.