ಎಂಟು ಅಕ್ಷರಗಳ ಹೆಸರು

ಇಂದು ಹೊಸ ಬ್ಯಾಕಪ್ ಟೇಪುಗಳಿಗೆ ಬಾರ್‌ಕೋಡ್ ಚೀಟಿ ಅಂಟಿಸುತ್ತಿದ್ದಾಗ ಒಬ್ಬ ಕಿರಿಯ ಸಹೋದ್ಯೋಗಿ, ‘ಇವುಗಳಿಗೆ ಸೋಮವಾರ, ಮಂಗಳವಾರ ಎಂದೇ ಹೆಸರಿಡಬಾರದೇ?’ ಎಂದು ಕೇಳಿದರು.

ಎಲ್‌ಟಿಒ ಎಂಬ, ಬ್ಯಾಕಪ್‌ಗೆ ಬಳಸುವ ಮಾದರಿಯ ಟೇಪಿನ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಎಂಟೇ ಅಕ್ಷರಗಳು. ಮೊದಲ ಆರು ಆ ಟೇಪಿನ ಗುರುತು. ಕೊನೆಯ ಎರಡು ಅದರ ತಲೆಮಾರನ್ನು ಹೇಳುತ್ತವೆ, ಎಂಟನೆಯ ತಲೆಮಾರಾದರೆ ‘ಎಲ್8’. 960 ಮೀಟರ್ ಉದ್ದದ, ಸಂಕುಚಿಸದೆಯೇ 12 ಟೆರಾಬೈಟ್ ದತ್ತಾಂಶ ಹಿಡಿಯುವ ಟೇಪನ್ನು ಲೈಬ್ರರಿ, ಅಂದರೆ ಟೇಪುಗಳನ್ನು ಇಟ್ಟುಕೊಂಡು ತಾನೇ ತೆಗೆದುಹಾಕುವ ಯಂತ್ರ, ಗುರುತಿಸುವುದು ಈ ಚಿಕ್ಕ ಚೀಟಿಯಿಂದ. ಟೇಪಿನ ಕವಚದಲ್ಲಿ ಚೀಟಿಗೆಂದೇ ಇರುವ ತಗ್ಗಿನಲ್ಲಿ ಅದು ಸಮನಾಗಿ ಕೂರಬೇಕು. ಅಂಚು ಮೇಲೆದ್ದರೆ ಟೇಪನ್ನು ಓದಿ ಬರೆಯುವ ಡ್ರೈವಿನೊಳಗೆ ಸಿಕ್ಕಿಕೊಳ್ಳಬಹುದು.

ವಾರದ ಹೆಸರು ನನಗೆ ಒಪ್ಪಿಗೆಯಿಲ್ಲ. ಟೇಪು ಸರದಿಯಲ್ಲಿ ಮರಳಿ ಬಂದಾಗ ಹಳೆಯ ದತ್ತಾಂಶ ಅಳಿದು ಹೊಸದು ಬರುತ್ತದೆ, ವೇಳಾಪಟ್ಟಿಯೂ ಬದಲಾಗುತ್ತದೆ, ಆದರೆ ಹೆಸರು ಬದಲಾಗಬಾರದು. ಒಳಗೆ ಏನಿದೆ ಎಂಬುದನ್ನು ಹೇಳುವ ಹೊಣೆ ಬ್ಯಾಕಪ್ ತಂತ್ರಾಂಶದ ಕ್ಯಾಟಲಾಗಿನದು, ಅಂದರೆ ಯಾವ ಟೇಪಿನಲ್ಲಿ ಏನಿದೆ ಎಂಬ ಪಟ್ಟಿಯದು. ಆ ತಂತ್ರಾಂಶ ಟೇಪಿನ ಆರಂಭದಲ್ಲಿಯೂ ಒಂದು ಹೆಸರನ್ನು ಬರೆಯುತ್ತದೆ. ಹೊರಗಿನ ಚೀಟಿಯೂ ಒಳಗಿನ ಬರಹವೂ ಒಂದೇ ಆಗಿದ್ದರೆ, ವರ್ಷಗಳ ನಂತರ ಕ್ಯಾಟಲಾಗೇ ನಾಶವಾದ ದಿನ ಮತ್ತೊಬ್ಬರು ಈ ಟೇಪನ್ನು ನಂಬಿಕೆಯಿಂದ ಡ್ರೈವಿಗೆ ಹಾಕಬಲ್ಲರು. ನಾನು ಅವರನ್ನು ನೆನೆದೇ ಪ್ರತಿ ಚೀಟಿಯನ್ನೂ ಅಂಟಿಸುತ್ತೇನೆ.