ಖಾಲಿ ಇನ್‌ಬಾಕ್ಸ್ ಮುಂದೆ ಒಂದು ಶನಿವಾರ

ಶನಿವಾರ ಬೆಳಗ್ಗೆ ಥಂಡರ್‌ಬರ್ಡ್ ತೆರೆದೆ, ನಾನು ಮೇಲ್ ಓದುವ ಪ್ರೋಗ್ರಾಂ ಅದು. ಎಡಗಡೆ ಏನೂ ಇಲ್ಲ. ನಡುವೆ ಒಂದು ಫಾರಂ ಮಾತ್ರ: ನಿಮ್ಮ ಹೆಸರು, ಇಮೇಲ್ ವಿಳಾಸ, ಪಾಸ್‌ವರ್ಡ್. ಅವತ್ತೇ ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡವರಿಗೆ ತೋರಿಸುವ ಫಾರಂ ಅದು. ನಾನು ಅದನ್ನು 2010ರಿಂದ ಬಳಸುತ್ತಿದ್ದೇನೆ. ಎದೆ ಧಸಕ್ ಅಂತು.

ಹಿಂದಿನ ಸಂಜೆ ಆಗಿದ್ದು ಇಷ್ಟೇ. ನಾವು ಕೆಲಸ ಮಾಡುವ ಕಡೆ ನಾಲ್ಕು ಕಂಪ್ಯೂಟರ್ ಇವೆ. ಇಷ್ಟು ವರ್ಷ ಎಲ್ಲವೂ ವರ್ಕ್‌ಗ್ರೂಪ್‌ನಲ್ಲಿ ಇದ್ದವು, ಅಂದರೆ ಯಾರ ಕಂಪ್ಯೂಟರ್ ಅವರಿಗೆ, ಫೈಲ್ ಬೇಕಾದರೆ ಪೆನ್ ಡ್ರೈವ್. ಈಗ ಒಂದು ಸರ್ವರ್ ತಂದು ನಾಲ್ಕನ್ನೂ ಒಂದೇ ಡೊಮೇನ್‌ಗೆ ಸೇರಿಸಿದೆವು, ಅಂದರೆ ಎಲ್ಲರ ಲಾಗಿನ್ ಆ ಸರ್ವರ್ ಕೈಯಲ್ಲಿ. ನನ್ನದು ಕೊನೆಯದು. ಐದು ನಿಮಿಷದ ಕೆಲಸ, ಒಂದು ರೀಸ್ಟಾರ್ಟ್, ಆಮೇಲೆ ಹೊಸ ಲಾಗಿನ್ ಹೆಸರು. ಡೆಸ್ಕ್‌ಟಾಪ್ ಬೋಳಾಗಿತ್ತು, ವಾಲ್‌ಪೇಪರ್ ಹೋಗಿತ್ತು. ಅದೆಲ್ಲ ಆಗುತ್ತೆ ಅಂತ ಗೊತ್ತಿತ್ತು. ಮೇಲ್ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ.

ನನ್ನ ಹತ್ತಿರ ಮೂರು ಅಕೌಂಟ್ ಇವೆ. ಎರಡು ಐಮ್ಯಾಪ್. ಅವುಗಳ ಮೇಲ್ ಸರ್ವರ್‌ನಲ್ಲೇ ಇರುತ್ತೆ, ಫೋನ್‌ನಲ್ಲೂ ಕಾಣುತ್ತೆ, ಅದರ ಚಿಂತೆ ಇಲ್ಲ. ಮೂರನೆಯದು ಹಳೇ ಪಾಪ್ ಅಕೌಂಟ್. ಅದರಲ್ಲಿ ಮೇಲ್ ನಮ್ಮ ಕಂಪ್ಯೂಟರ್‌ಗೆ ಇಳಿಯುತ್ತೆ, ಸರ್ವರ್‌ನಿಂದ ಅಳಿದುಹೋಗುತ್ತೆ. ನಾನೇ ಹಾಗೆ ಸೆಟ್ಟಿಂಗ್ ಇಟ್ಟಿದ್ದೆ, ಆಗ ಸರ್ವರ್‌ನಲ್ಲಿ ಜಾಗ ತುಂಬಾ ಕಮ್ಮಿ ಇರುತ್ತಿತ್ತು. ಅಕ್ಕ ಓದೋಕೆ ಅಂತ ದೂರ ಹೋಗಿದ್ದ ಮೂರು ವರ್ಷ ವಾರಕ್ಕೊಂದು ಉದ್ದದ ಮೇಲ್ ಬರೆಯುತ್ತಿದ್ದಳು. ಅದೆಲ್ಲ ಇರೋದು ಅಲ್ಲಿ ಮಾತ್ರ. ಬೇರೆಲ್ಲೂ ಪ್ರತಿ ಇಲ್ಲ.

ಕೈ ಸುಮ್ನೆ ಫಾರಂ ತುಂಬೋಕೆ ಹೋಯಿತು. ಹೆಸರು ಟೈಪ್ ಮಾಡಿ ನಿಲ್ಲಿಸಿದೆ. ಮೊದಲು ಗೆಳೆಯನಿಗೆ ಫೋನ್ ಮಾಡೋಣ ಅನ್ನಿಸಿತು. ಅವನು ನೆಟ್‌ವರ್ಕ್ ಕೆಲಸದಲ್ಲೇ ಇರುವವನು.

“ಹೊಸ ಅಕೌಂಟ್ ಮಾಡ್ಬೇಡ ಮಾರಾಯ. ಏನೂ ಅಳಿಸಿಲ್ಲ. ನೀನು ಈಗ ಬೇರೆ ಯೂಸರ್, ಅಷ್ಟೇ. ಸಿ ಡ್ರೈವ್‌ನಲ್ಲಿ ಯೂಸರ್ಸ್ ಫೋಲ್ಡರ್ ತೆಗಿ, ಎಷ್ಟು ಹೆಸರಿದೆ ನೋಡು” ಅಂದ.

ತೆಗೆದೆ. ನನ್ನ ಹೆಸರು ಎರಡು ಸಲ ಇತ್ತು! ಒಂದು ಬರೀ ಹೆಸರು. ಇನ್ನೊಂದು ಅದೇ ಹೆಸರು, ಒಂದು ಚುಕ್ಕಿ, ಪಕ್ಕದಲ್ಲಿ ಡೊಮೇನ್ ಹೆಸರು. ಹೆಸರು ಒಂದೇ ಆದರೂ ವಿಂಡೋಸ್ ಲೆಕ್ಕದಲ್ಲಿ ಲೋಕಲ್ ಯೂಸರ್ ಬೇರೆ, ಡೊಮೇನ್ ಯೂಸರ್ ಬೇರೆ. ಹೊಸಬರು ಬಂದರು ಅಂತ ಹೊಸ ಮನೆ ಕಟ್ಟಿಕೊಟ್ಟಿತ್ತು. ಹಳೇ ಮನೆ ಹಾಗೇ ಬೀಗ ಹಾಕಿಕೊಂಡು ನಿಂತಿತ್ತು. ಬೀಗ ಅಂದೆನಲ್ಲ, ನಿಜಕ್ಕೂ ಹಾಗೇ: ಆ ಫೋಲ್ಡರ್ ಕ್ಲಿಕ್ ಮಾಡಿದರೆ ನಿಮಗೆ ಅನುಮತಿ ಇಲ್ಲ ಅನ್ನುವ ಮೆಸೇಜ್ ಬಂತು. ಕಂಟಿನ್ಯೂ ಒತ್ತಿ ಅಡ್ಮಿನ್ ಪಾಸ್‌ವರ್ಡ್ ಕೊಟ್ಟ ಮೇಲೆ ಬಾಗಿಲು ತೆರೆಯಿತು.

ಒಳಗೆ ಆಪ್‌ಡೇಟಾ ಅನ್ನೋ ಫೋಲ್ಡರ್ ಇರಬೇಕು, ಕಾಣುತ್ತಿರಲಿಲ್ಲ. ಅದು ಹಿಡನ್. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದ ಮೇಲೆ ಮಸುಕಾಗಿ ಕಾಣಿಸಿತು. ಅದರೊಳಗೆ ರೋಮಿಂಗ್, ಅದರೊಳಗೆ ಥಂಡರ್‌ಬರ್ಡ್, ಅದರೊಳಗೆ ಪ್ರೊಫೈಲ್ಸ್. ಒಬ್ಬರ ಮೇಲ್, ಸೆಟ್ಟಿಂಗ್ ಎಲ್ಲಾ ಸೇರಿದ ಗಂಟಿಗೆ ಥಂಡರ್‌ಬರ್ಡ್ ಪ್ರೊಫೈಲ್ ಅನ್ನುತ್ತೆ. ಅಲ್ಲಿ ಎರಡು ಫೋಲ್ಡರ್, ಎರಡರ ಹೆಸರೂ ಅರ್ಥವಿಲ್ಲದ ಎಂಟು ಅಕ್ಷರದಿಂದ ಶುರು. ಯಾವುದು ನನ್ನದು? ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಸೈಜ್ ನೋಡಿದೆ. ಒಂದರಲ್ಲಿ ಒಂದು ಎಂಬಿ ಕೂಡ ಇಲ್ಲ. ಇನ್ನೊಂದರಲ್ಲಿ ಎಣಿಕೆ ಏರುತ್ತಾ ಏರುತ್ತಾ ಹೋಗಿ 3.4 ಜಿಬಿಗೆ ನಿಂತಿತು. ಆಗ ಉಸಿರು ಬಿಟ್ಟೆ.

ಅದರೊಳಗೆ ಪ್ರೆಫ್ಸ್ ಡಾಟ್ ಜೆಎಸ್ ಅಂತ ಒಂದು ಫೈಲ್ ಇರುತ್ತೆ. ಅಕೌಂಟ್ ಸೆಟ್ಟಿಂಗ್ ಎಲ್ಲಾ ಇರೋದು ಅದರಲ್ಲೇ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ಸಾಲು ಸಾಲಾಗಿ ಸರ್ವರ್ ಹೆಸರು, ಯೂಸರ್ ಹೆಸರು, ಪೋರ್ಟ್ ನಂಬರ್, ಅಂದರೆ ಸರ್ವರ್‌ನ ಯಾವ ಬಾಗಿಲು ತಟ್ಟಬೇಕು ಅನ್ನೋದು. ಐಮ್ಯಾಪ್‌ಗೆ 993, ಪಾಪ್‌ಗೆ 995. ನನ್ನ ಸಹಿಯ ಎರಡು ಸಾಲು ಕೂಡ ಅಲ್ಲೇ ಇತ್ತು. ಪಾಸ್‌ವರ್ಡ್ ಮಾತ್ರ ಇದರಲ್ಲಿ ಇರಲ್ಲ. ಅದು ಲಾಗಿನ್ಸ್ ಡಾಟ್ ಜೇಸನ್ ಅನ್ನೋ ಫೈಲ್‌ನಲ್ಲಿ ಗುಪ್ತಲಿಪಿಯಲ್ಲಿ ಇರುತ್ತೆ, ಅದನ್ನು ಬಿಡಿಸುವ ಕೀ ಪಕ್ಕದಲ್ಲೇ ಕೀ4 ಡಾಟ್ ಡಿಬಿಯಲ್ಲಿ ಇರುತ್ತೆ. ಎರಡೂ ಜೊತೆಗೆ ಬಂದರೆ ಪಾಸ್‌ವರ್ಡ್ ಬರುತ್ತೆ, ಒಂದೇ ಬಂದರೆ ಇಲ್ಲ. ಅದಕ್ಕೇ ಬೇಕಾದ ಫೈಲ್ ಆರಿಸಿಕೊಂಡು ಕೂರದೆ ಇಡೀ ಫೋಲ್ಡರ್ ತೆಗೆದುಕೊಳ್ಳೋದು ಒಳ್ಳೇದು.

“ಕಟ್ ಮಾಡ್ಬೇಡ, ಕಾಪಿ ಮಾಡು” ಅಂತ ಗೆಳೆಯ ಎರಡು ಸಲ ಹೇಳಿದ. ಒಂದೇ ಡ್ರೈವ್‌ನಲ್ಲಿ ಕಟ್ ಮಾಡಿ ಹಾಕಿದರೆ ಹಳೇ ಯೂಸರ್‌ನ ಅನುಮತಿಗಳೇ ಫೈಲಿಗೆ ಅಂಟಿಕೊಂಡು ಬರುತ್ತವಂತೆ. ಕಾಪಿ ಮಾಡಿದರೆ ಹೊಸ ಜಾಗದ ಅನುಮತಿ ಸಿಗುತ್ತೆ. ಮೊದಲು ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ಗೆ, ಆಮೇಲೆ ಇನ್ನೊಂದು ಹೊಸ ಯೂಸರ್‌ನ ಅದೇ ಪ್ರೊಫೈಲ್ಸ್ ಫೋಲ್ಡರ್‌ಗೆ. ಥಂಡರ್‌ಬರ್ಡ್ ಮುಚ್ಚಿಟ್ಟೇ ಇದನ್ನು ಮಾಡಬೇಕು.

ಆಮೇಲೆ ತೆರೆದರೆ ಮತ್ತೆ ಅದೇ ಖಾಲಿ ಫಾರಂ. ಫೋಲ್ಡರ್ ತಂದಿಟ್ಟರೆ ಸಾಲದು, ಇದನ್ನೇ ಬಳಸು ಅಂತ ಹೇಳಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಚಿಕ್ಕ ಬಾಕ್ಸ್‌ನಲ್ಲಿ ಥಂಡರ್‌ಬರ್ಡ್ ಹೆಸರು ಟೈಪ್ ಮಾಡಿ, ಅದರ ನಂತರ ಒಂದು ಸ್ಪೇಸ್, ಒಂದು ಅಡ್ಡಗೆರೆ, ಪಿ ಅಕ್ಷರ ಹಾಕಿದರೆ ಪ್ರೊಫೈಲ್ ಮ್ಯಾನೇಜರ್ ಬರುತ್ತೆ. ಕ್ರಿಯೇಟ್ ಪ್ರೊಫೈಲ್ ಒತ್ತಿ, ಚೂಸ್ ಫೋಲ್ಡರ್‌ನಲ್ಲಿ ಕಾಪಿ ಮಾಡಿದ ಫೋಲ್ಡರ್ ತೋರಿಸಿದೆ.

ಬಂತು. ಎಡಗಡೆ ಮೂರೂ ಅಕೌಂಟ್, ನಾನು ಇಟ್ಟಿದ್ದ ಅದೇ ಕ್ರಮದಲ್ಲಿ. ಫಿಲ್ಟರ್‌ಗಳು, ಅಡ್ರೆಸ್ ಬುಕ್, ಎಲ್ಲಾ. ಪಾಪ್ ಅಕೌಂಟ್ ಮೇಲೆ ಕ್ಲಿಕ್ ಮಾಡಿದೆ. ಇನ್‌ಬಾಕ್ಸ್ ಖಾಲಿ.

ಅವತ್ತು ನನಗೆ ನಿಜವಾಗಿ ಭಯ ಆಗಿದ್ದು ಆಗಲೇ. ಐದು ನಿಮಿಷ ಏನೂ ಮಾಡದೆ ಕೂತೆ. ಆಮೇಲೆ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಸರ್ವರ್ ಸೆಟ್ಟಿಂಗ್ಸ್ ಪುಟದ ಕೆಳಗಡೆ ಲೋಕಲ್ ಡೈರೆಕ್ಟರಿ ಅನ್ನೋ ಸಾಲು ನೋಡಿದಾಗ ಗೊತ್ತಾಯಿತು. ಯಾವಾಗಲೋ ಒಮ್ಮೆ ಬ್ಯಾಕಪ್‌ಗೆ ಸುಲಭ ಆಗಲಿ ಅಂತ ಈ ಅಕೌಂಟಿನ ಮೇಲ್ ಅನ್ನು ಪ್ರೊಫೈಲ್‌ನಿಂದ ಹೊರಗೆ, ಡಾಕ್ಯುಮೆಂಟ್ಸ್ ಒಳಗೆ ಇಟ್ಟಿದ್ದೆ. ಪ್ರೊಫೈಲ್ ಒಳಗಿರುವ ಮೇಲ್‌ನ ದಾರಿ ಪ್ರೊಫೈಲ್ ಜೊತೆಗೇ ಸರಿಯುತ್ತೆ. ಹೊರಗಿಟ್ಟರೆ ಹಳೇ ವಿಳಾಸವೇ ಉಳಿಯುತ್ತೆ. ಆ ಸಾಲು ಇನ್ನೂ ಹಳೇ ಮನೆಯನ್ನೇ ತೋರಿಸುತ್ತಿತ್ತು, ಹೊಸ ಯೂಸರ್‌ಗೆ ಅಲ್ಲಿನ ಡಾಕ್ಯುಮೆಂಟ್ಸ್‌ಗೆ ಪೂರ್ತಿ ಅನುಮತಿ ಇಲ್ಲ.

ಹಳೇ ಡಾಕ್ಯುಮೆಂಟ್ಸ್ ತೆರೆದೆ. ಮೇಲ್ ಅಂತ ನಾನೇ ಹೆಸರಿಟ್ಟ ಫೋಲ್ಡರ್. ಒಳಗೆ ಇನ್‌ಬಾಕ್ಸ್ ಅನ್ನೋ ಒಂದು ಫೈಲ್, ಹೆಸರಿನ ಮುಂದೆ ಚುಕ್ಕಿಯೂ ಇಲ್ಲ, ಬಾಲವೂ ಇಲ್ಲ, 1.7 ಜಿಬಿ. ವರ್ಷಗಳ ಮೇಲ್ ಎಲ್ಲಾ ಒಂದರ ಕೆಳಗೊಂದು ಆ ಒಂದೇ ಫೈಲ್‌ನಲ್ಲಿ. ಅದನ್ನೂ ಕಾಪಿ ಮಾಡಿ, ಬ್ರೌಸ್ ಒತ್ತಿ ಹೊಸ ಜಾಗ ತೋರಿಸಿ, ರೀಸ್ಟಾರ್ಟ್ ಕೊಟ್ಟೆ.

ಉಳಿದಿದ್ದು ಚಿಕ್ಕದು. ಮೇಲ್ ಬರುತ್ತಿತ್ತು, ಪಾಪ್ ಅಕೌಂಟ್‌ನಿಂದ ಹೋಗುತ್ತಿರಲಿಲ್ಲ. ಕಳಿಸೋಕೆ ಇನ್ನೂ ಹಳೇ ಪೋರ್ಟ್ 25 ಇತ್ತು, ನೆಟ್‌ವರ್ಕ್ ಕಾಯುವ ಹೊಸ ಫೈರ್‌ವಾಲ್ ಅದನ್ನು ಮುಚ್ಚಿತ್ತು. 25 ಸರ್ವರ್‌ಗಳು ತಮ್ಮ ತಮ್ಮಲ್ಲಿ ಮಾತಾಡೋಕೆ. ನಮ್ಮಂಥವರು ಮೇಲ್ ಕಳಿಸೋಕೆ ಅಂತಲೇ 587 ಇದೆ, ಅದು 1998ರಿಂದಲೇ ಇದೆ. ನಂಬರ್ ಬದಲಿಸಿ, ಪಕ್ಕದಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದೆ, ಮೇಲ್ ಹೋಗುವ ದಾರಿಯನ್ನು ಗುಪ್ತಲಿಪಿಗೆ ತರೋದು ಅದು. ಹೋಯಿತು.

ಆ ಮಧ್ಯಾಹ್ನ ಅಕ್ಕನ ಹೆಸರು ಹಾಕಿ ಹುಡುಕಿದೆ. ಪಟ್ಟಿ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು. ತೀರಾ ಕೆಳಗಿನದು ತೆರೆದೆ: ರೂಮ್ ಸಿಕ್ಕಿತು, ಕಿಟಕಿ ಚಿಕ್ಕದು, ನೀನು ಹೇಗಿದ್ದೀಯ ಅಂತ ಕೇಳಿದ್ದಳು. ಅದನ್ನೇ ಅವಳಿಗೆ ಫಾರ್ವರ್ಡ್ ಮಾಡಿದೆ. ಹಳೇ ಯೂಸರ್ ಫೋಲ್ಡರ್ ಅನ್ನು ನಾನು ಇನ್ನೂ ಅಳಿಸಿಲ್ಲ.